ಸಾಂತಾಕ್ರೂಜ್ ದಾಟಿದ ಮೇಲಿನ ಮಾತು

ನನ್ನ ಗಂಡ ತೀರಿಕೊಂಡ ದಿನ ಜನ ‘ಓಂ ಶಾಂತಿ’ ಅಂತ ಕಳಿಸಿದ್ದು ಅವರದೇ ಫೋನಿಗೆ. ಪೂಜಾ ಮಂಡಳಿಯ ಗ್ರೂಪಿನಲ್ಲಿ ಅವರ ನಂಬರೂ ಇತ್ತಲ್ಲ. ಹಿಂದಿನ ರಾತ್ರಿ ಅವರೇ ಚಾರ್ಜಿಗೆ ಹಾಕಿದ್ದ ಫೋನು ಮಂಚದ ಪಕ್ಕ ಹಾಗೇ ಇತ್ತು. ಹೆಣ ಇನ್ನೂ ಆಸ್ಪತ್ರೆಯಲ್ಲಿರುವಾಗ ಇಲ್ಲಿ ಅದು ಟಿಣ್ ಟಿಣ್ ಅನ್ನುತ್ತಿತ್ತು. ಕೈ ಮುಗಿದ ಚಿತ್ರಗಳು, ಉರಿಯುವ ದೀಪದ ಚಿತ್ರಗಳು. ನನ್ನ ಫೋನಿಗೆ ಬಂದದ್ದು ತೀರಾ ಕಡಿಮೆ. ನಾನು ಗ್ರೂಪಿನಲ್ಲಿ ಇರಲಿಲ್ಲ.

ಅಂಧೇರಿಯಲ್ಲಿ ನಮ್ಮ ಊರ ಕಡೆಯವರ ಶನಿಪೂಜೆಯ ಮಂಡಳಿ ಒಂದಿದೆ. ಶನಿವಾರ ಸಂಜೆ ಶಾಲೆಯ ಹಾಲ್‌ನಲ್ಲಿ ದೇವರ ಫೋಟೋ ಇಟ್ಟು ಶನಿದೇವರ ಕಥೆ ಓದುತ್ತಾರೆ. ಓದುವುದು ಅಂದರೆ ಒಬ್ಬರೇ ಓದುವುದಲ್ಲ. ಒಬ್ಬರು ಪದ್ಯವನ್ನು ರಾಗವಾಗಿ ಹಾಡುತ್ತಾರೆ, ಪಕ್ಕದಲ್ಲಿ ಕೂತವರು ಅದರ ಅರ್ಥ ಹೇಳುತ್ತಾರೆ. ಹಾಡುವವರು ನನ್ನ ಗಂಡ. ಅರ್ಥ ಹೇಳುವವರು ಅವರ ಸ್ನೇಹಿತರೊಬ್ಬರು. ಮಗಳು ಹುಟ್ಟುವ ಮೊದಲಿನಿಂದಲೂ ಇಬ್ಬರೂ ಜೋಡಿ. ಹಗಲು ಇಬ್ಬರೂ ದಾದರಿನ ಒಂದೇ ಹೋಟೆಲಿನಲ್ಲಿ ಕೆಲಸ. ಇವರು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು, ಅವರು ಅಡುಗೆಮನೆಯ ಸಾಮಾನು ನೋಡಿಕೊಳ್ಳುತ್ತಿದ್ದರು. ಹೋಗುವಾಗ ಬರುವಾಗ ಒಂದೇ ಲೋಕಲ್ ರೈಲು. ಅವರ ಮನೆ ಸಾಂತಾಕ್ರೂಜ್, ನಮ್ಮದು ಇನ್ನೂ ಮುಂದೆ ಅಂಧೇರಿ, ಹಾಗಾಗಿ ಬರುವಾಗ ಮೊದಲು ಇಳಿಯುವವರು ಅವರು.

ಹನ್ನೆರಡನೆಯ ದಿನ ಕಳೆದ ಮೇಲೆ ಆ ಸ್ನೇಹಿತರು ಸ್ಟೇಟಸ್ ಹಾಕಿದರು. ಇಬ್ಬರೂ ಒಂದೇ ಮೈಕಿನ ಮುಂದೆ ಕೂತ ಫೋಟೋ. ಕೆಳಗೆ ‘ನನ್ನ ದನಿಯೇ ಹೋಯಿತು’ ಅಂತ ಬರೆದಿದ್ದರು. ಎಲ್ಲರೂ ಅತ್ತರಂತೆ. ಮುಂದಿನ ಶನಿವಾರ ಹಾಲ್‌ಗೆ ಹೋದಾಗ ಪ್ರಸಾದದ ಸಾಲಿನಲ್ಲಿ ಒಬ್ಬಳು ನನ್ನ ಕೈ ಹಿಡಿದುಕೊಂಡಳು.

“ಅಕ್ಕ, ನೋಡಿದಿರಾ ಅಣ್ಣ ಹಾಕಿದ್ದು? ನನಗಂತೂ ಊಟವೇ ಸೇರಲಿಲ್ಲ. ಪಾಪ, ಅವರಿಗೆ ಈಗ ಜೋಡಿಯೇ ಇಲ್ಲ ನೋಡಿ.”

“ಹೌದು, ಪಾಪ” ಅಂದೆ. ನನ್ನ ಬರಿಯ ಕುತ್ತಿಗೆ ಅವಳ ಕಣ್ಣಿನ ಎದುರಿಗೇ ಇತ್ತು.

ಆ ಕಡೆ ನೋಡಿದರೆ ಆ ಸ್ನೇಹಿತರು ಅಳುತ್ತಿದ್ದಾರೆ, ಸುತ್ತ ಜನ. ಗಂಡಸರು ಬೆನ್ನು ತಟ್ಟುತ್ತಿದ್ದಾರೆ, ಯಾರೋ ನೀರು ಕೊಡುತ್ತಿದ್ದಾರೆ. ಸಾವು ನನ್ನ ಮನೆಯಲ್ಲಿ ಆದದ್ದು, ಮಾತಾಡಿಸಿಕೊಳ್ಳುವವರು ಅವರು. ಅದು ಸರಿಯಾದ ಯೋಚನೆಯಲ್ಲ ಅಂತ ನನಗೂ ಗೊತ್ತು. ಆದರೆ ಬಂದ ಯೋಚನೆ ಅದೇ.

ಆಮೇಲೆ ಮಗಳು ಅಪ್ಪನ ಫೋನಿನ ಲಾಕ್ ತೆಗೆಸಿಕೊಟ್ಟಳು. ಅದರಲ್ಲಿ ಏನೇನಿದೆ ಅಂತ ನೋಡಲು ನನಗೆ ಧೈರ್ಯ ಇರಲಿಲ್ಲ. ಒಂದು ಮಧ್ಯಾಹ್ನ, ಅವಳು ಆಫೀಸಿಗೆ ಹೋದ ಮೇಲೆ, ಆ ಸ್ನೇಹಿತರ ಹೆಸರಿನ ಮೇಲೆ ಒತ್ತಿದೆ. ಸಾಲಾಗಿ ವಾಯ್ಸ್ ಮೆಸೇಜು. ಒಂದನ್ನು ಮುಟ್ಟಿದ್ದೇ ತಡ, ಮನೆಯೊಳಗೆ ನನ್ನ ಗಂಡ ಮಾತಾಡಿದರು.

“ಕೇಳು ಮಾರಾಯ, ಆ ಮೂರನೇ ಪದ್ಯದ ಅರ್ಥ ನೀನು ಬೇಗ ಹಿಡಿದೆ. ರಾಜನಿಗೆ ಇನ್ನೂ ಕಷ್ಟವೇ ಬಂದಿಲ್ಲ, ನೀನು ಆಗಲೇ ಅಳಿಸ್ತೀಯಲ್ಲ!”

ಹಿಂದೆ ರಿಕ್ಷಾಗಳ ಸದ್ದು. ಸ್ಟೇಷನ್ನಿನಿಂದ ಮನೆಗೆ ನಡೆದು ಬರುವಾಗ ಕಳಿಸಿದ್ದು. ರೈಲಿನಲ್ಲಿ ಇಬ್ಬರೂ ಆಡುತ್ತಿದ್ದ ಮಾತು ಸಾಂತಾಕ್ರೂಜಿನಲ್ಲಿ ತುಂಡಾಗುತ್ತಿತ್ತಲ್ಲ, ಉಳಿದದ್ದನ್ನು ಇವರು ಅಂಧೇರಿಯಲ್ಲಿ ಇಳಿದು, ಕುತ್ತಿಗೆಗೆ ಹಾಕಿಕೊಳ್ಳುವ ಆ ಬ್ಲೂಟೂತ್ ಪಟ್ಟಿಯಲ್ಲಿ ಮಾತಾಡಿ ಮುಗಿಸುತ್ತಿದ್ದರು. ಎಷ್ಟೋ ಮೆಸೇಜುಗಳಲ್ಲಿ ಪದ್ಯಗಳನ್ನು ಇಡೀ ಹಾಡಿದ್ದರು. ಉಳಿದವುಗಳಲ್ಲಿ ಹೋಟೆಲಿನ ಸುದ್ದಿ, ಮಾಲೀಕನ ಅನುಕರಣೆ, ಯಾವುದೋ ಗಿರಾಕಿ ಮಸಾಲೆದೋಸೆಯಲ್ಲಿ ಆಲೂಗಡ್ಡೆ ಬೇಡ ಅಂದ ಕಥೆ. ಮತ್ತೆ ನಗು. ಹೊಟ್ಟೆ ಹಿಡಿದು, ಕೆಮ್ಮು ಬರುವವರೆಗೆ ನಗು.

ಹೀಗೆ ನಗುವ ಆ ಮನುಷ್ಯ ನಮ್ಮ ಮನೆಗೆ ಬರುತ್ತಿರಲಿಲ್ಲ. ಬರುತ್ತಿದ್ದವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ‘ಬಡಿಸು’ ಅನ್ನುವವರು. ‘ಸಾಕು’ ಅನ್ನುವವರು. ಕೆಟ್ಟವರಲ್ಲ, ಒಂದು ದಿನವೂ ನನ್ನ ಮೇಲೆ ದನಿ ಎತ್ತಿದವರಲ್ಲ. ಆದರೆ ಮಾತನ್ನೆಲ್ಲ ದಾರಿಯಲ್ಲೇ ಖಾಲಿ ಮಾಡಿಕೊಂಡು ಬರುತ್ತಿದ್ದರು ಅಂತ ನನಗೆ ಗೊತ್ತಿರಲಿಲ್ಲ. ನನ್ನ ಫೋನಿನಲ್ಲಿ ಅವರ ದನಿ ಒಂದೂ ಇಲ್ಲ. ಒಂದೇ ಕೋಣೆಯಲ್ಲಿ ಇರುವ ಹೆಂಡತಿಗೆ ಯಾರು ವಾಯ್ಸ್ ಮೆಸೇಜ್ ಕಳಿಸುತ್ತಾರೆ? ಹಾಲು ತರಬೇಕಾ ಅಂತ ಕೇಳುವುದಿದ್ದರೆ ಕಾಲ್ ಮಾಡಿ ಕೇಳುತ್ತಿದ್ದರು. ಕಾಲ್ ಎಲ್ಲಿಯೂ ಉಳಿಯುವುದಿಲ್ಲ.

ದಿನಾ ಮಧ್ಯಾಹ್ನ ಕೇಳತೊಡಗಿದೆ. ನನ್ನ ಬಗ್ಗೆ ಏನಾದರೂ ಹೇಳಿದ್ದಾರಾ ಅಂತ ಹುಡುಕುತ್ತಿದ್ದೆ. ಒಂದರಲ್ಲಿ ಸಿಕ್ಕಿತು. ಮೊದಲಿಗೇ ನಗುತ್ತಿದ್ದರು, ನಗುತ್ತಲೇ ಮಾತು. “ನೀನು ಇಳಿದ ಮೇಲೂ ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ ಮಾರಾಯ. ಎದುರಿನವನು ಹುಚ್ಚ ಅಂದುಕೊಂಡ. ಆದರೆ ನಮ್ಮ ಮನೆಯವಳ ಹತ್ತಿರ ಮಾತ್ರ ಹೇಳಬೇಡ, ನನ್ನನ್ನು ಹೊರಗೆ ಹಾಕ್ತಾಳೆ.” ಮತ್ತೆ ನಗು, ಕೆಮ್ಮು, ಮುಗಿಯಿತು.

ಏನು ಹೇಳಬೇಡ? ವಿಷಯ ರೈಲಿನಲ್ಲೇ ಆಗಿಹೋಗಿತ್ತು. ಅದು ಗೊತ್ತಿರುವವರು ಭೂಮಿಯ ಮೇಲೆ ಈಗ ಒಬ್ಬರೇ.

ಹೀಗಿರುವಾಗ ಆ ಸ್ನೇಹಿತರೇ ಫೋನ್ ಮಾಡಿದರು. ಲೋಕಲ್‌ನಲ್ಲಿ ಅವರ ಫೋನು ಯಾರೋ ಎಗರಿಸಿದ್ದರು. ಹೊಸದು ತೆಗೆದುಕೊಂಡಿದ್ದರು, ಹಳೆಯ ಮೆಸೇಜು ಒಂದೂ ಅದಕ್ಕೆ ಬಂದಿರಲಿಲ್ಲ.

“ಅಕ್ಕ, ಅವನು ಕಳಿಸಿದ್ದೆಲ್ಲ ಹೋಯಿತು. ಅವನ ಫೋನಿನಲ್ಲಿ ಇರಬಹುದು ನೋಡಿ. ವರ್ಷದ ಪೂಜೆಗೆ ಅವನ ದನಿಯಲ್ಲೇ ಎರಡು ಪದ್ಯ ಹಾಕಿಸುವ ಅಂತ ಮಂಡಳಿಯವರು ಹೇಳ್ತಿದ್ದಾರೆ. ನನಗೂ ಬೇಕು. ಎಲ್ಲ ಕಳಿಸ್ತೀರಾ?”

“ನೋಡ್ತೇನೆ” ಅಂದೆ.

ಫೋನ್ ಇಟ್ಟ ಮೇಲೆ ನನಗೆ ಖುಷಿಯಾಯಿತು. ಈಗ ಅವರ ಹತ್ತಿರ ಇಲ್ಲ, ನನ್ನ ಹತ್ತಿರ ಮಾತ್ರ ಇದೆ. ಆ ಸಂಜೆ ಸ್ವಲ್ಪ ಜಾಸ್ತಿಯೇ ಊಟ ಮಾಡಿದೆ.

ವಾರ ಕಳೆಯಿತು, ಮತ್ತೊಂದು ವಾರವೂ ಕಳೆಯಿತು. ಅವರು ಮತ್ತೆ ಕೇಳಿದರು, ನಾನು ಮತ್ತೆ ‘ನೋಡ್ತೇನೆ’ ಅಂದೆ. ಮಗಳಿಗೆ ತಿಳಿಯಿತು.

“ಅಮ್ಮಾ, ಇದರಲ್ಲಿ ನೋಡೋದು ಕ್ಯಾ ಹೈ? ಸೆಲೆಕ್ಟ್ ಮಾಡು, ಭೇಜ್ ದೇ. ಬಸ್.”

“ನನಗೆ ಬರುವುದಿಲ್ಲ.”

“ದಿನಾ ಕೇಳಲಿಕ್ಕೆ ಬರ್ತದೆ, ಕಳಿಸಲಿಕ್ಕೆ ಬರುವುದಿಲ್ಲ?” ನನ್ನ ಮುಖ ನೋಡಿ ಅವಳು ಹತ್ತಿರ ಬಂದಳು. “ಅಮ್ಮಾ, ನಿನಗೆ ಅಂಕಲ್ ಮೇಲೆ ಜೆಲಸ್ಸಾ?”

“ಹೋಗೇ” ಅಂದೆ. ಅವಳು ನಕ್ಕಳು. ಅಪ್ಪನ ಹಾಗೆ ಅಲ್ಲ, ನನ್ನ ಹಾಗೆ, ಬಾಯಿ ಮುಚ್ಚಿ.

ಕೊನೆಗೆ ಅವರಿಗೆ ಹೇಳಿದೆ: ಕಳಿಸುವುದು ಆಮೇಲೆ, ಭಾನುವಾರ ಮನೆಗೆ ಬನ್ನಿ, ಮೊದಲು ಇಲ್ಲಿ ಕೇಳಿ. ಬಂದರು. ತುಂಬ ಸೊರಗಿದ್ದರು. ಚಾ ಕುಡಿಯದೆ ಹಾಗೇ ಇಟ್ಟುಕೊಂಡು ಕೂತರು. ಫೋನನ್ನು ನಾನು ಅವರ ಕೈಗೆ ಕೊಡಲಿಲ್ಲ. ನನ್ನ ಮಡಿಲಲ್ಲೇ ಇಟ್ಟುಕೊಂಡು ಒಂದೊಂದನ್ನೇ ಒತ್ತಿದೆ.

ನನ್ನ ಗಂಡನ ದನಿ ಬಂದ ಕೂಡಲೇ ಅವರು ತಲೆ ತಗ್ಗಿಸಿದರು. ಆಮೇಲೆ ನಿಧಾನಕ್ಕೆ ನಗು ಬಂತು. ಆಲೂಗಡ್ಡೆಯ ಕಥೆಯಲ್ಲಿ ಮಾತು ಬರುವ ಮೊದಲೇ ಅವರಿಗೆ ನಗು. ನನಗೆ ನಗು ಬರುವುದು ಮಾತು ಮುಗಿದ ಮೇಲೆ. ಆ ಒಂದು ಕ್ಷಣದ ಅಂತರವೂ ನನಗೆ ಸಹಿಸಲು ಆಗಲಿಲ್ಲ.

ಆಗ ‘ಹೇಳಬೇಡ’ ಅಂದ ಆ ಮೆಸೇಜನ್ನು ಹಾಕಿದೆ. ಅವರ ಮುಖವನ್ನೇ ನೋಡುತ್ತಿದ್ದೆ. ಈಗ ನಗುತ್ತಾರೆ, ಈಗ ಗೊತ್ತಾಗುತ್ತದೆ ಅಂತ ಕಾದೆ. ಮೆಸೇಜ್ ಮುಗಿಯಿತು. ಅವರು ನಗಲಿಲ್ಲ.

“ಏನದು ಅಣ್ಣ, ನನ್ನ ಹತ್ತಿರ ಹೇಳಬಾರದ್ದು?”

“ಇನ್ನೊಂದು ಸಲ ಹಾಕಿ.”

ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಹಣೆ ಉಜ್ಜಿಕೊಂಡರು.

“ನೆನಪಾಗ್ತಾ ಇಲ್ಲ ಅಕ್ಕ.”

“ಸುಳ್ಳು ಹೇಳಬೇಡಿ. ಹೇಳಬೇಡ ಅಂದಿದ್ದಾರೆ ಅಂತ ಹೇಳ್ತಾ ಇಲ್ಲ ನೀವು.”

“ದೇವರಾಣೆ ಇಲ್ಲ. ದಿನಾ ನಗ್ತಿದ್ದೆವು ಅಕ್ಕ. ಒಂದೊಂದಕ್ಕೆ ಕಾರಣವೇ ಇರಲಿಲ್ಲ.” ನನ್ನ ಮಡಿಲಿನಲ್ಲಿದ್ದ ಫೋನಿನ ಕಡೆ ಬಗ್ಗಿ, “ಏನಿತ್ತೋ ಮಾರಾಯ ಅವತ್ತು?” ಅಂತ ಕೇಳಿದರು. ಆಮೇಲೆ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಹಾಲ್‌ನಲ್ಲಿ ಜನರ ನಡುವೆ ಅತ್ತ ಹಾಗಲ್ಲ. ಮೂಗು ಸೋರುವ ಅಳು.

ಇಷ್ಟು ದಿನ ನಾನು ಆ ಮಾತು ಸಾಂತಾಕ್ರೂಜಿನ ಒಂದು ಮನೆಯಲ್ಲಿ ಜೋಪಾನವಾಗಿದೆ ಅಂದುಕೊಂಡು ಉರಿಯುತ್ತಿದ್ದೆ. ಅಲ್ಲಿಯೂ ಇಲ್ಲ. ಎಲ್ಲಿಯೂ ಇಲ್ಲ. ಅದು ಕಳೆದುಹೋಗಿರುವುದಕ್ಕಿಂತ ಈ ಸ್ನೇಹಿತರ ಹತ್ತಿರ ಇದ್ದಿದ್ದರೇ ಚೆನ್ನಾಗಿತ್ತು ಅಂತ ಆಗ ಅನ್ನಿಸಿತು. ನನಗೆ ಹೇಳದಿದ್ದರೂ ಸರಿ.

ಚಾ ಬಿಸಿ ಮಾಡಿ ತಂದುಕೊಟ್ಟೆ. ಅವರು ಕುಡಿಯುವಷ್ಟರಲ್ಲಿ ಪದ್ಯ ಹಾಡಿದ ಮೆಸೇಜುಗಳನ್ನು ಒಂದೊಂದಾಗಿ ಆರಿಸಿ ಕಳಿಸಿದೆ. ಅವರ ಅಂಗಿಯ ಜೇಬಿನಲ್ಲಿ ಹೊಸ ಫೋನು ಸದ್ದು ಮಾಡುತ್ತಲೇ ಇತ್ತು. ಹೋಟೆಲಿನ ಕಥೆಗಳನ್ನೂ ಕಳಿಸಿದೆ, ಆಲೂಗಡ್ಡೆಯದ್ದನ್ನು ಸಹ. ‘ಹೇಳಬೇಡ’ ಅಂದ ಆ ಒಂದು ಬಂದಾಗ ಬೆರಳು ನಿಂತಿತು. ಅವರು ನೋಡುತ್ತಿದ್ದರು.

“ಅದು ನಿಮ್ಮ ಹತ್ತಿರವೇ ಇರಲಿ ಅಕ್ಕ. ಅದರಲ್ಲಿ ಇರುವುದು ನಿಮ್ಮ ಸುದ್ದಿ” ಅಂದರು. “ಕೇಳಬೇಕು ಅನ್ನಿಸಿದರೆ ನಾನೇ ಬರ್ತೇನೆ.”

“ಬನ್ನಿ” ಅಂದೆ. ಮೆಟ್ಟಿಲು ಇಳಿಯುತ್ತಿದ್ದವರಿಗೆ ಕೇಳುವ ಹಾಗೆ ಮತ್ತೆ ಹೇಳಿದೆ, “ಫೋನ್ ಮಾಡಿ ಬನ್ನಿ.”