ತರಿ, ಸಾ

ಎಂಬತ್ತರ ದಶಕದಲ್ಲಿ ನಾನೊಂದು ನಕ್ಷೆ ಕಚೇರಿಯಲ್ಲಿದ್ದೆ. ಆಕಾಶದಿಂದ ತೆಗೆದ ಚಿತ್ರಗಳನ್ನು ಕಂಪ್ಯೂಟರಿಗೆ ಕೊಟ್ಟು, ತಮಿಳು ರಾಜ್ಯಕ್ಕೆ ಸೇರಿದ ನಮ್ಮ ಹೊಸೂರು ಸೀಮೆಯಲ್ಲಿ ಎಲ್ಲಿ ಕಾಡು, ಎಲ್ಲಿ ಬೆಳೆ, ಎಲ್ಲಿ ಬಂಜರು, ವರ್ಷದಿಂದ ವರ್ಷಕ್ಕೆ ಏನು ಬದಲಾಯಿತು ಎಂದು ಬಣ್ಣ ಹಚ್ಚಿಸುವ ಕೆಲಸ. ಯಂತ್ರದ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ದೇವರ ಮನೆಗೂ ನಾನು ಅಷ್ಟು ಮಡಿಯಿಂದ ಹೋದವನಲ್ಲ.

ಆ ಯಂತ್ರಕ್ಕೆ ತಾನಾಗಿ ಏನೂ ಗೊತ್ತಿರಲಿಲ್ಲ. ನಾವು ಜೀಪಿನಲ್ಲಿ ಹೋಗಿ ನೆಲ ನೋಡಿ, ಚಿತ್ರದ ಈ ತುಂಡು ರಾಗಿ, ಈ ತುಂಡು ಕಾಡು ಎಂದು ಪಾಠ ಹೇಳಿಕೊಡಬೇಕು. ಆಮೇಲೆ ಅಂಥದ್ದು ಕಂಡಲ್ಲೆಲ್ಲ ಅದು ಅದೇ ಹೆಸರು ಹಾಕುತ್ತಿತ್ತು.

ಒಂದು ಬೇಸಿಗೆ ನನ್ನನ್ನು ಡೆಂಕಣಿಕೋಟೆ ಕಾಡಿನ ಕಡೆಗೆ ಕಳಿಸಿ, ತಮಿಳು ಮಾತ್ರ ಬಲ್ಲ ನಮ್ಮ ಅಧಿಕಾರಿ ಗುಮ್ಮಳಾಪುರದ ಹತ್ತಿರದ ನಮ್ಮೂರಿಗೆ ಹೋದರು. ಗಂಡ ತೀರಿಕೊಂಡ ಮೇಲೆ ಅಪ್ಪನ ಗದ್ದೆಯನ್ನು ನನ್ನ ಅಕ್ಕನೇ ನೋಡಿಕೊಳ್ಳುತ್ತಿದ್ದಳು. ಭಾನುವಾರ ಊರಿಗೆ ಹೋದಾಗ ಹಿಗ್ಗಿನಿಂದ ಹೇಳಿದಳು:

“ನಿಮ್ಮಾಪೀಸ್ನೋರು ಬಂದಿದ್ರು ಕಣ್ಲಾ. ಜಮೀನು ತೋರ್ಸಿ ಇದೇನು ಅಂದ್ರು. ‘ತರಿ, ಸಾ’ ಅಂದೆ. ಬರ್ಕೊಂಡೋದ್ರು. ಇನ್ ತೂಬು ರಿಪೇರಿ ಆಯ್ತದೆ ಬುಡು.”

ಗದ್ದೆಗೆ ನೀರು ಬಿಡುವ ಕೆರೆಯ ತೂಬು ಬಿರುಕು ಬಿಟ್ಟು ಸೋರುತ್ತಿತ್ತು. ಕೆರೆ ಕೆಳಗೆ ಬೇಸಾಯ ಉಂಟೆಂದು ನಮ್ಮ ನಕ್ಷೆ ಹೇಳಿದರೆ ಮಾತ್ರ ತಾಲ್ಲೂಕು ಕಚೇರಿ ಅದನ್ನು ಸರಿಮಾಡಿಸುತ್ತಿತ್ತು.

ನಕ್ಷೆ ಬಂತು. ಕೆರೆ ಕೆಳಗೆಲ್ಲ ಹಳದಿ. ಹಳದಿ ಎಂದರೆ ಬಂಜರು.

ನಮ್ಮ ಕನ್ನಡದಲ್ಲಿ ತರಿ ಎಂದರೆ ಕೆರೆ ನೀರು ಉಣ್ಣುವ ಗದ್ದೆ. ತಮಿಳಿನಲ್ಲಿ ತರಿಸು ಎಂದರೆ ಪಾಳುಬಿದ್ದ ನೆಲ. ಅಕ್ಕ ಮರ್ಯಾದೆಗೆಂದು ಸೇರಿಸಿದ ‘ಸಾ’ ಅವರ ಕಿವಿಯಲ್ಲಿ ತರಿಸು ಆಗಿತ್ತು. ಬೇಸಿಗೆಯಾದ್ದರಿಂದ ನೆಲವೂ ಬೋಳಾಗಿತ್ತು, ಅನುಮಾನ ಬರಲಿಲ್ಲ. ಯಂತ್ರವಂತೂ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಉದ್ದನಪಲ್ಲಿವರೆಗೂ ಗದ್ದೆಗಳಿಗೆಲ್ಲ ಹಳದಿ ಬಳಿದಿತ್ತು. ಮಳೆಗಾಲ ಮುಗಿದಾಗ ತೆಗೆದ ಹಳೆಯ ಚಿತ್ರದಲ್ಲಿ ಅವೇ ಗದ್ದೆಗಳು ಹಸಿರು. ಎರಡನ್ನೂ ಪಕ್ಕಪಕ್ಕ ಇಟ್ಟು, ರೈತರು ಬೇಸಾಯ ಬಿಟ್ಟಿದ್ದಾರೆ ಎಂದು ವರದಿ ಬರೆದರು.

ನಾನು ಅಧಿಕಾರಿಯ ಮುಂದೆ ನಿಂತು ತರಿಗೂ ತರಿಸಿಗೂ ಇರುವ ವ್ಯತ್ಯಾಸ ಬಿಡಿಸಿ ಹೇಳಿದೆ.

“ಯಾರ ಜಮೀನು ಅದು?” ತಮಿಳಿನಲ್ಲೇ ಕೇಳಿದರು.

“ನಮ್ಮಕ್ಕಂದು.”

ಅವರು ನಕ್ಕರು. “ಮೆಷಿನ್‌ಗೆ ಅಕ್ಕ ತಂಗಿ ಇಲ್ಲಪ್ಪಾ.”

ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದು ಅಂದುಬಿಟ್ಟೆ. ಮರುದಿನದಿಂದ ನನಗೆ ಜೀಪು ಇಲ್ಲ, ನಕ್ಷೆ ಮಡಿಸುವ ಕೆಲಸ. ನಕ್ಷೆ ಮಾತ್ರ ಬದಲಾಗಲಿಲ್ಲ.

ತೂಬಿಗೆ ಯಾರೂ ಬರಲಿಲ್ಲ. ಮುಂದಿನ ಮಳೆಗೆ ಅದು ಕಿತ್ತುಕೊಂಡು ಹೋಯಿತು, ಕೆರೆ ಖಾಲಿಯಾಯಿತು. ಅಕ್ಕ ಒಂದು ವರ್ಷ ಭತ್ತದ ಬದಲು ಹುರುಳಿ ಚೆಲ್ಲಿ ನೋಡಿದಳು. ಆಮೇಲೆ ಅದನ್ನೂ ಬಿಟ್ಟಳು. ಗದ್ದೆಯಲ್ಲಿ ಎಕ್ಕದ ಗಿಡ ಎದ್ದವು.

ಕೆಲವು ವರ್ಷದ ಮೇಲೆ ಮಳೆಗಾಲ ಕಳೆದು ಹೊಸ ಚಿತ್ರ ಬಂತು. ಕೆರೆ ಕೆಳಗೆ ಮತ್ತೆ ಹಳದಿ. ಯಂತ್ರ ಚೆನ್ನಾಗಿ ಕಲಿತಿದೆ ಎಂದು ಕಚೇರಿಯಲ್ಲಿ ಎಲ್ಲರಿಗೂ ಸಂತೋಷ. ನನಗೆ ಅಲ್ಲಿ ಕೂರಲಾಗಲಿಲ್ಲ, ಊರಿಗೆ ಹೋದೆ.

ಅಕ್ಕ ಕೆರೆ ಏರಿಯ ಮೇಲೆ ಕೂತಿದ್ದಳು. “ಈ ಸಲ ಏನಂತ ಬರ್ದವ್ರೆ?” ಎಂದಳು.

“ಬಂಜರು ಅಂತ, ಅಕ್ಕಾ.”

ಅವಳು ಎಕ್ಕದ ಗಿಡಗಳನ್ನೇ ನೋಡುತ್ತಿದ್ದಳು.

“ಇವಾಗ್ ಸರ್ಯಾಗ್ ಬರ್ದವ್ರೆ ಬುಡ್ಲಾ.”