ದ್ರಾಕ್ಷಿ ಶೆಡ್ಡಿನಲ್ಲಿ ರೆಕ್ಕೆ

ವೇದವ್ಯಾಸನಿಗೆ ವಿಮಾನದ ಹುಚ್ಚು. ನೋಡುವ ಹುಚ್ಚಲ್ಲ, ಕಟ್ಟುವ ಹುಚ್ಚು. ಬಬಲೇಶ್ವರದ ಖಾಸಗಿ ಐಟಿಐಯೊಂದರಲ್ಲಿ ಫಿಟರ್ ಕೆಲಸ ಕಲಿಸುವ ಈ ಮನುಷ್ಯ ಹನ್ನೊಂದು ವರ್ಷಗಳ ಹಿಂದೆ ಇಬ್ಬರು ಕೂರುವ ಪುಟ್ಟ ವಿಮಾನದ ನಕ್ಷೆ ತರಿಸಿಕೊಂಡಿದ್ದ. ಜಲನಗರದ ಮನೆಯ ಕಪಾಟಿನಲ್ಲಿ ಅದು ಹಾಯಾಗಿ ಮಲಗಿತ್ತು. ಮನೆಸಾಲ ತೀರಲಿ, ಮಗಳು ಶರ್ವರಿಯ ಓದು ಮುಗಿಯಲಿ, ಎಂಜಿನ್ನಿಗೆ ದುಡ್ಡು ಕೂಡಲಿ ಎಂದು ಅವನೇ ಮುಂದೂಡುತ್ತ ಬಂದ. ಊರವರ ಮುಂದೆ ಮಾತ್ರ, "ನಮ್ಮ ಮನ್ಯಾಕಿ ಒಪ್ಪಂಗಿಲ್ರಿ" ಎಂದು ಹೆಂಡತಿ ವಂದನಾಳ ಮೇಲೆ ಹಾಕುತ್ತಿದ್ದ. ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಆಕೆಯನ್ನು ಒಮ್ಮೆಯೂ ಬಾಯಿಬಿಟ್ಟು ಕೇಳಿದವನಲ್ಲ. ಗಂಡಸರ ಧೈರ್ಯ ಬಹಳಷ್ಟು ಸಲ ಹೀಗೇ ಇರುತ್ತದೆ.

ಈ ಜೂನಿನಲ್ಲಿ ಟಿಕೋಟಾದ ಧೂಳಪ್ಪ ಫೋನು ಮಾಡಿದ. ದ್ರಾಕ್ಷಿ ಬೆಳೆಗಾರ. ಅವನ ಔಷಧ ಹೊಡೆಯುವ ಯಂತ್ರ ಕೆಟ್ಟಾಗಲೆಲ್ಲ ರಿಪೇರಿ ಮಾಡುವವನು ವೇದವ್ಯಾಸನೇ.

"ಮಾಸ್ತರ, ಒಣದ್ರಾಕ್ಷಿ ಎಲ್ಲಾ ಮಾರಾಕ ಹೋತು. ಶೆಡ್ ಖಾಲಿ ಆಗೇತಿ. ರೆಕ್ಕಿ ಮಾಡಾಕ ಜಾಗಾ ಇಲ್ಲ ಅಂತಿದ್ರಲ್ಲ, ಬಂದು ನೋಡ್ರಿ."

ನೋಡಿ ಬರುವುದಕ್ಕೆ ಖರ್ಚೇನು ಎಂದು ಭಾನುವಾರ ಬೈಕ್ ತೆಗೆದ. "ನಾನೂ ಬರ್ತೀನಿ" ಎಂದು ವಂದನಾ ಹಿಂದೆ ಕುಳಿತಾಗ ಬೇಡ ಎನ್ನಲು ಅವನಿಗೆ ನೆಪ ಸಿಗಲಿಲ್ಲ.

ನೂರು ಅಡಿ ಉದ್ದದ ಶೆಡ್ಡು. ಹಣ್ಣು ಹರವುವ ಬಲೆಗಳನ್ನು ಸುತ್ತಿಟ್ಟಿದ್ದರು. ಒಳಗೆಲ್ಲ ಇನ್ನೂ ಒಣದ್ರಾಕ್ಷಿಯ ಸಿಹಿ ವಾಸನೆ. ವೇದವ್ಯಾಸ ಅಳೆದ. ಒಂದೊಂದು ರೆಕ್ಕೆ ಹದಿಮೂರು ಅಡಿ. ಅವನ ಮನೆಯ ಹಜಾರ ಹನ್ನೊಂದೇ ಅಡಿ. ಇಲ್ಲಿ ಎರಡನ್ನೂ ಮಲಗಿಸಿ ಸುತ್ತ ಓಡಾಡಬಹುದು. ಖುಷಿಗೆ ಎಲ್ಲಿ ಕೂಗಿಬಿಡುತ್ತೇನೋ ಎಂದು ತುಟಿ ಕಚ್ಚಿಕೊಂಡ.

"ಫೆಬ್ರುವರಿಗೆ ಹೊಸ ಹಣ್ಣು ಬರತೈತಿ, ಆವಾಗ ಖಾಲಿ ಮಾಡಬೇಕು," ಎಂದ ಧೂಳಪ್ಪ. "ಮುಗಿದ ರೆಕ್ಕಿ ನಮ್ಮ ಪಡಸಾಲ್ಯಾಗ ನಿಂದ್ರಸೂಣು. ಮುಂದಿನ ವರ್ಷ ಅಂದ್ರ ಆಗಂಗಿಲ್ರಿ, ಶೆಡ್ ಬಾಡಿಗಿಗೆ ಕೊಡಾಂವ ಅದೀನಿ."

ಇರುವುದು ಎಂಟು ತಿಂಗಳು. ಎಂಜಿನ್ನಿನ ದುಡ್ಡು ಅರ್ಧವೂ ಕೂಡಿಲ್ಲ. ವೇದವ್ಯಾಸನ ಬಾಯಿ ರೂಢಿಯ ದಾರಿ ಹಿಡಿಯಿತು. "ನಾಕು ವರ್ಷ ತಡಿ ಧೂಳಪ್ಪ, ರಿಟೈರ್ ಆದ ಮ್ಯಾಲ ನೋಡೂಣು. ನಮ್ಮ ಮನ್ಯಾಕಿನೂ ಒಪ್ಪಬೇಕಲ್ಲ."

"ಮನ್ಯಾಕಿ ಇಲ್ಲೇ ಇದ್ದಾಳ," ಎಂದಳು ವಂದನಾ. "ರೆಕ್ಕಿ ಮಾಡಾಕ ಎಂಜಿನ್ ಬೇಕೇನ್ರಿ?"

"ಬ್ಯಾಡ. ತಗಡು, ಅದನ್ನ ಜೋಡಸೂ ರಿವೆಟ್ಟು ಅಷ್ಟ."

"ತಿಂಗಳಾ ಸ್ವಲ್ಪ ಸ್ವಲ್ಪ ತರಾಕ ಬರತೈತಿ?"

"ಬರತೈತಿ."

"ಹಂಗಾರ ಅದು ಪಗಾರದಾಗ ಆಗಲಿ. ಎಂಜಿನ್ ದುಡ್ಡು ಕೂಡಾಕತ್ತಿರಲಿ. ಸಾಲ ಒಂದು ಬ್ಯಾಡ."

ವೇದವ್ಯಾಸ ಕಣ್ಣು ಪಿಳಿಪಿಳಿ ಬಿಟ್ಟ. "ನೀ ಬ್ಯಾಡ ಅಂತಿ ಅಂದ್ಕೊಂಡಿದ್ದೆ."

"ಕೇಳಿದ್ರ ತಾನ? ಅದರಾಗ ಎರಡು ಸೀಟು ಅದಾವಂತ ನಕ್ಷಾ ಬಂದ ದಿನಾನ ನೋಡೇನಿ. ಯಾವಾಗ ಕರೀತೀರಂತ ಹನ್ನೊಂದು ವರ್ಷ ಆತು ಕಾಯಾಕತ್ತಿ. ಈಗ ಮೊಣಕಾಲು ನೋಯಾಕತ್ತಾವ. ಇನ್ನ ನಾಕು ವರ್ಷ ಬಿಟ್ಟು ವಿಮಾನ ಹತ್ತು ಅಂದ್ರ ಹ್ಯಾಂಗ ಹತ್ತಲಿ?"

ಅವನಿಗೆ ನಾಚಿಕೆಯೂ ಆಯಿತು, ಕುಣಿಯಬೇಕು ಎಂದೂ ಅನ್ನಿಸಿತು.

ಮರುದಿನ ಸಂಜೆ ಇಬ್ಬರೂ ಸೊಲ್ಲಾಪುರ ರಸ್ತೆಗೆ ಹೋಗಿ, ರೆಕ್ಕೆ ಕಟ್ಟುವ ಮೇಜಿಗೆಂದು ಪ್ಲೈವುಡ್ ಕೊಂಡು ಗೂಡ್ಸ್ ಆಟೋಗೆ ಹೇರಿಸಿದರು. ಹಗ್ಗ ಬಿಗಿಯುತ್ತಿದ್ದ ಚಾಲಕ, "ಏನು ಕಟ್ಟಸಾಕತ್ತೀರಿ ಸರ?" ಎಂದು ಕೇಳಿದ.

"ವಿಮಾನ," ಎಂದಳು ವಂದನಾ, ಗಂಡ ಬಾಯಿ ತೆರೆಯುವ ಮೊದಲೇ.