ಆರು ಬಾಟಲಿ ಸಮುದ್ರ

ಮೆಡಿಟರೇನಿಯನ್ ಹಡಗು ಪ್ರವಾಸಕ್ಕೆಂದು ತೆಗೆದಿಟ್ಟ ಡೈರಿಯ ಮೊದಲ ಸಾಲು ಹೀಗಿದೆ: ಹದಿನೇಳು ದಿನ, ಹನ್ನೊಂದು ಬಂದರು, ಇಬ್ಬರು ಪ್ರಯಾಣಿಕರು, ಆರು ಬಾಟಲಿ.

ಇಬ್ಬರು ಎಂದರೆ ನಾನು ಮತ್ತು ನನ್ನ ಅಜ್ಜಿ. ಬಾಟಲಿಗಳು ಬಂದದ್ದು ಅಜ್ಜಿಯ ಬಾಯಿಂದಾಗಿ. ಜೆ.ಪಿ. ನಗರದಲ್ಲಿ ನಮ್ಮ ಮನೆಯ ಎದುರಿನ ಪಾರ್ಕಿನಲ್ಲಿ ಅವಳದೊಂದು ಗುಂಪಿದೆ. ಬೆಳಿಗ್ಗೆ ನಾಲ್ಕು ಸುತ್ತು ನಡೆದು, ಎಂಟು ಸುತ್ತಿಗಾಗುವಷ್ಟು ಮಾತಾಡಿ, ಶನಿವಾರ ಸಂಜೆ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಭಜನೆ ಮಾಡುವ ಏಳು ಹೆಂಗಸರು. ಟಿಕೆಟ್ ಆದ ಮರುದಿನ ಅಜ್ಜಿ ಅವರಿಗೆ ಮಾತು ಕೊಟ್ಟುಬಿಟ್ಟಳು. "ಕಾಶಿಗೆ ಹೋದೋರು ಗಂಗೆ ತರಲ್ವಾ? ಹಂಗೇ ನಾನೂ ತರ್ತೀನಿ. ಆರು ಜನಕ್ಕೂ ಒಂದೊಂದು ಊರಿನ ನೀರು."

"ಅಲ್ರೀ, ಫಾರಿನ್ ಉಪ್ಪುನೀರು ಯಾರಾದ್ರೂ ದೇವರ ಮುಂದೆ ಇಡ್ತಾರಾ?" ಎಂದರು ಒಬ್ಬರು. ಅವರು ಈರುಳ್ಳಿಯನ್ನೂ ಮುಟ್ಟದವರು.

"ಗಂಗೆನೂ ಕೊನೆಗೆ ಹೋಗಿ ಬೀಳೋದು ಸಮುದ್ರಕ್ಕೇ ಅಲ್ವಾ?" ಎಂದಳು ಅಜ್ಜಿ. ಪ್ರವಾಸದ ಪುಸ್ತಿಕೆ ಕೈಯಿಂದ ಕೈಗೆ ಹೋಗಿ, ಆರು ಜನ ಆರು ಬಂದರು ಆರಿಸಿಕೊಂಡರು. ನಾನು ಪಟ್ಟಿ ಬರೆದುಕೊಂಡೆ.

ಮಾಲ್ಟಾದ ವಲೆಟ್ಟಾ ಬೇಕೆಂದವರು ನಿವೃತ್ತ ಭೂಗೋಳದ ಟೀಚರ್. ಜಯನಗರದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪ್ರತಿ ಜೂನ್‌ನಲ್ಲೂ ಬೋರ್ಡಿನ ಮೇಲೆ ಆ ಸಮುದ್ರದ ನಕ್ಷೆ ಬರೆದವರು, ಅದನ್ನು ಒಮ್ಮೆಯೂ ನೋಡದವರು. "ಇಟಲಿ ಕಾಲು ಬರೆದು, ಅದರ ಕೆಳಗೆ ಒಂದು ಚುಕ್ಕಿ ಇಡ್ತಿದ್ದೆ ಕಣಮ್ಮ, ಮಾಲ್ಟಾ ಅಂತ. ಸೀಮೆಸುಣ್ಣದ ಧೂಳು ಅಂದ್ಕೊಂಡು ಹುಡುಗ್ರು ಅದನ್ನ ಒರೆಸಿಬಿಡೋರು. ನನಗೆ ಆ ಚುಕ್ಕಿಯ ನೀರು ಬೇಕು. ಬೇರೆ ಯಾವುದೂ ಬೇಡ." ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಪಟ್ಟಿಯಲ್ಲಿ ಅವರ ಸಾಲಿನ ಕೆಳಗೆ ಎರಡು ಗೆರೆ ಎಳೆದೆ.

ಜಯನಗರ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನಲ್ಲಿ ಆರು ಗಾಜಿನ ಬಾಟಲಿ ಕೊಂಡೆವು. ಆರೂ ಒಂದೇ ಅಳತೆ, ಒಂದೇ ಮುಚ್ಚಳ ಇರಬೇಕೆಂದು ಹಟ ಹಿಡಿದವಳು ನಾನೇ. ಆ ಆರು ಬಂದರುಗಳಲ್ಲೂ ನೀರು ತುಂಬಿದ ಕೂಡಲೇ ಚೀಟಿ ಅಂಟಿಸಿ ಊರು, ದಿನ, ಗಂಟೆ ಬರೆದೆ. ಒಂದೂ ಒಡೆಯದೆ ಆರೂ ಮನೆ ಸೇರಿದವು.

ಬಂದ ಮರುದಿನ ನಾನು ಎದ್ದದ್ದು ಹನ್ನೊಂದೂವರೆಗೆ. ದೇವರ ಮನೆಯಲ್ಲಿ ಆರು ಬಾಟಲಿ ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ಚೀಟಿ ಒಂದರ ಮೇಲೂ ಇರಲಿಲ್ಲ.

"ತೊಳೆದೆ ಕಣೇ," ಎಂದಳು ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ಹಡಗಿನ ಕೊಳೆ, ಏರ್‌ಪೋರ್ಟ್ ಕೊಳೆ. ದೇವರ ಮುಂದೆ ಹಂಗೇ ಇಡಕ್ಕಾಗತ್ತಾ? ಆ ಅಂಟು ಬಿಡಿಸೋಕೆ ಸಾಕಾಗೋಯ್ತು ನನಗೆ."

"ಅಜ್ಜಿ, ಯಾವುದು ಯಾವ ಊರದ್ದು ಅಂತ ಈಗ ಹೆಂಗೆ ಹೇಳೋದು?"

ಅವಳ ಕೈ ಸೆರಗಿನಲ್ಲೇ ನಿಂತಿತು. ಆಮೇಲೆ ಮೆಲ್ಲಗೆ, "ಯಾವುದೋ ಒಂದು ಕೊಟ್ರೆ ಯಾರಿಗೆ ಗೊತ್ತಾಗತ್ತೆ?" ಎಂದಳು.

"ನನಗೆ ಗೊತ್ತಾಗತ್ತೆ."

"ನನಗೂ," ಎಂದು ಅವಳೇ ಒಪ್ಪಿಕೊಂಡಳು. ಅಂದು ಗುರುವಾರ. ಶನಿವಾರದ ಭಜನೆ ನಮ್ಮ ಮನೆಯಲ್ಲೇ.

ಡೈರಿ, ಭೂತಗನ್ನಡಿ, ಎರಡು ಲೋಟ ಕಾಫಿ ಇಟ್ಟುಕೊಂಡು ಊಟದ ಮೇಜಿನ ಎದುರಾಬದುರಾ ಕೂತೆವು. ಆ ಪ್ರವಾಸವನ್ನು ನಾನು ನಿಜವಾಗಿ ಸವಿದದ್ದು ಆ ಎರಡು ದಿನಗಳಲ್ಲಿ.

ಮೊದಲು ಸಿಕ್ಕಿದ್ದು ಸ್ಯಾಂಟೊರಿನಿ. ಬಾಟಲಿಯ ತಳದಲ್ಲಿ ಕಪ್ಪು ಕಾಳುಗಳಿದ್ದವು. ಆ ದ್ವೀಪದ ಕಡಲತೀರದ ಮರಳೇ ಕಪ್ಪು. "ಇದು ಮರಳಲ್ಲ, ಸಾಸಿವೆ," ಎಂದು ಅಜ್ಜಿ ಚಪ್ಪಲಿ ಬಿಟ್ಟು ಇಳಿದವಳು ಮೂರನೇ ಹೆಜ್ಜೆಗೆ, "ಅಯ್ಯಯ್ಯೋ, ಕಾದ ಕಾವಲಿ!" ಎಂದು ಕೂಗಿ ಸೀರೆ ಎತ್ತಿಕೊಂಡು ನೀರಿಗೆ ಓಡಿದ್ದಳು. ಮಂಡಿನೋವು ಶುರುವಾದ ಮೇಲೆ ಅವಳು ಓಡಿದ್ದನ್ನು ನಾನು ನೋಡಿರಲಿಲ್ಲ. ಡೈರಿಯಲ್ಲಿ ಬರೆದಿದ್ದೆ: ಓಟ, ಹದಿನಾಲ್ಕು ಹೆಜ್ಜೆ. ಊರಿಗೆ ಹತ್ತಕ್ಕೆ ಒಂಬತ್ತು ಅಂಕ.

ಅರ್ಧ ಖಾಲಿಯಾಗಿದ್ದ ಬಾಟಲಿ ಬಾರ್ಸಿಲೋನಾದ್ದು. ಅದಕ್ಕೆ ಡೈರಿಯೇ ಸಾಕ್ಷಿ. ಮೊದಲ ಬಂದರಿನ ಉತ್ಸಾಹದಲ್ಲಿ ಮುಚ್ಚಳ ಸರಿಯಾಗಿ ತಿರುಗಿಸಿರಲಿಲ್ಲ. ನೀರು ಚೀಲದೊಳಗೆ ಸೋರಿ, ಮೊದಲ ಎಂಟು ಪುಟ ಒಣಗಿದ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು.

ಇಜ್ಮೀರ್‌ನದಕ್ಕೆ ಕತ್ತಿನಲ್ಲಿ ದಾರದ ಗಂಟಿತ್ತು. ಅಲ್ಲಿನ ದಂಡೆ ಎತ್ತರ, ನೀರು ಕೈಗೆ ಎಟುಕುವುದಿಲ್ಲ. ಎಳ್ಳು ಅಂಟಿಸಿದ ಬಳೆಯಂಥ ರೊಟ್ಟಿ ಮಾರುವವನ ಹತ್ತಿರ ಅಜ್ಜಿ ಕೈಸನ್ನೆಯಲ್ಲೇ ದಾರ ಕೇಳಿ, ಬಾಟಲಿಗೆ ಬಿಗಿದು ಇಳಿಬಿಟ್ಟಳು. ಬಾಟಲಿ ತೇಲಿತು. ಬಿಂದಿಗೆ ಮುಳುಗಿಸುವವಳ ಹಾಗೆ ದಾರಕ್ಕೊಂದು ಜಗ್ಗು ಕೊಟ್ಟಳು. ಗುಳುಗುಳು ಎಂದಿತು. ನಮ್ಮ ಪಾರ್ಕ್ ಊರ ಹೊಲವಾಗಿದ್ದ ಕಾಲದಲ್ಲಿ ಬಾವಿಯಿಂದ ದಿನಕ್ಕೆ ನಲವತ್ತು ಬಿಂದಿಗೆ ಸೇದಿದ ಕೈ ಅದು. ದಂಡೆಯಲ್ಲಿ ಕೂತಿದ್ದ ಮುದುಕರು ಚಪ್ಪಾಳೆ ತಟ್ಟಿದರು. ಒಬ್ಬರು ಚಹಾ ತರಿಸಿಕೊಟ್ಟರು. ಊರಿಗೆ ಒಂಬತ್ತೂವರೆ ಅಂಕ.

ಪಲೆರ್ಮೊಗೆ ಹತ್ತಕ್ಕೆ ಹತ್ತು. ಅಲ್ಲಿನ ತರಕಾರಿ ಮಾರುಕಟ್ಟೆಯಲ್ಲಿ ಅಜ್ಜಿ ಒಂದು ಅಂಗಡಿಯ ಮುಂದೆ ಗಕ್ಕನೆ ನಿಂತಳು. "ಸೋರೆಕಾಯಿ! ನೋಡೇ, ನಮ್ಮ ಸೋರೆಕಾಯಿ!" ಮಾರು ಉದ್ದದ, ತಿಳಿಹಸಿರಿನ ಸೋರೆಕಾಯಿ, ಪಕ್ಕದಲ್ಲೇ ಅದರ ಎಳೆ ಬಳ್ಳಿಯ ಸೊಪ್ಪಿನ ಕಂತೆ. ಮಾರುವ ಹೆಂಗಸು ಅವಳ ಭಾಷೆಯಲ್ಲಿ, ಅಜ್ಜಿ ಕನ್ನಡದಲ್ಲಿ, ಅಡುಗೆ ಹೇಗೆ ಮಾಡುವುದೆಂದು ವಾದವೇ ನಡೆಯಿತು. ನಲವತ್ತು ನಿಮಿಷ. "ಬೆಳ್ಳುಳ್ಳಿ ಹಾಕ್ತಾಳಂತೆ, ಬೇಳೆ ಹಾಕಲ್ವಂತೆ. ಪಾಪ, ಹೇಳ್ಕೊಡೋರಿಲ್ಲ," ಎಂದು ಅಜ್ಜಿ ನನಗೆ ಅನುವಾದಿಸಿದಳು. ಅವಳಿಗೆ ಅದು ಹೇಗೆ ಅರ್ಥವಾಯಿತೋ ನನಗೆ ಇನ್ನೂ ಗೊತ್ತಿಲ್ಲ. ಹಡಗು ಹೊರಡುವ ಹೊತ್ತಿಗೆ ನಮಗೆ ನೀರಿನ ನೆನಪಾದಾಗ, ಬಂದರಿನಲ್ಲಿ ಬಲೆ ಕೊಡವುತ್ತಿದ್ದ ಮೀನುಗಾರನೊಬ್ಬ ತನ್ನ ದೋಣಿಯಿಂದಲೇ ಬಾಟಲಿ ಅದ್ದಿ ಕೊಟ್ಟ. ಭೂತಗನ್ನಡಿಯಲ್ಲಿ ಈಗ ಕಂಡದ್ದು ಅವನ ಗುರುತು: ಒಂದು ಮೀನಿನ ಹುರುಪೆ. ಪಟ್ಟಿ ನೋಡಿದೆ. ಪಲೆರ್ಮೊ ಈರುಳ್ಳಿ ಮುಟ್ಟದವರ ಪಾಲು.

ಉಳಿದದ್ದು ಎರಡು, ಮಾರ್ಸೇ ಮತ್ತು ವಲೆಟ್ಟಾ. ಎರಡೂ ಕತ್ತಿನ ತನಕ ತುಂಬಿದ್ದವು. ಎರಡೂ ತಿಳಿ. ಬೆಳಕಿಗೆ ಹಿಡಿದೆವು, ಮೂಸಿದೆವು, ಅಜ್ಜಿ ನಾಲಿಗೆಗೂ ತಾಗಿಸಿ, "ಎರಡೂ ಉಪ್ಪು," ಎಂದಳು. ಮಾರ್ಸೇ ಪುಟದಲ್ಲಿ ಸಾಬೂನಿನ ಅಂಗಡಿಗಳ ವಿಷಯವೇ ತುಂಬಿತ್ತು. ಅಜ್ಜಿ ಇಪ್ಪತ್ತಮೂರು ಸಾಬೂನು ಮೂಸಿ, ಕೊನೆಗೆ ನಮ್ಮ ಸೀಗೆಕಾಯಿಯೇ ವಾಸಿ ಎಂದಿದ್ದಳು. ವಲೆಟ್ಟಾ ಪುಟದಲ್ಲಿ ಇದ್ದದ್ದು ಒಂದೇ ಸಾಲು: ನೀರಿಗಿಳಿಯುವ ಮೆಟ್ಟಿಲ ಮೇಲೆ ಕೂತೆವು, ಒಂದು ಗಂಟೆ ಹತ್ತು ನಿಮಿಷ, ಏನೂ ಆಗಲಿಲ್ಲ. ಅಂಕದ ಜಾಗ ಖಾಲಿ.

ಶನಿವಾರ ಭಜನೆ ಮುಗಿದು, ಪ್ರಸಾದವೂ ಆದ ಮೇಲೆ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನಾಲ್ಕು ಬಾಟಲಿ ಖಚಿತ, ಎರಡು ಗೊತ್ತಿಲ್ಲ. ಹುರುಪೆಯ ಮಾತು ಬಂದಾಗ ಈರುಳ್ಳಿ ಮುಟ್ಟದವರು ಕೈ ಹಿಂದಕ್ಕೆ ಎಳೆದುಕೊಂಡರು.

"ಮತ್ಸ್ಯಾವತಾರ ಅಂದ್ಕೊಳ್ಳಿ," ಎಂದಳು ಅಜ್ಜಿ.

ಕೈ ಎಳೆದುಕೊಂಡವರೇ ಎಲ್ಲರಿಗಿಂತ ಜೋರಾಗಿ ನಕ್ಕು ಬಾಟಲಿ ತೆಗೆದುಕೊಂಡರು.

ಮಾರ್ಸೇ ಆರಿಸಿದ್ದವರು ಬಿ.ಟಿ.ಎಂ. ಬಡಾವಣೆಯಲ್ಲಿ ಮಗಳ ಮನೆಯಲ್ಲಿರುವ ಹುಬ್ಬಳ್ಳಿ ಕಡೆಯ ಆಂಟಿ. "ನಂಗ ಯಾವದರ ಕೊಡ್ರಿ, ನಾ ಏನ ಆ ಊರಿನ ಸೊಸಿ ಏನ್ರಿ?" ಎಂದರು. ಟೀಚರ್ ಮಾತ್ರ ಎರಡು ಬಾಟಲಿಗಳನ್ನೂ ಎರಡು ಕೈಯಲ್ಲಿ ಹಿಡಿದು ನೋಡುತ್ತಾ ಕೂತರು.

"ಮಾಲ್ಟಾದಲ್ಲಿ ಏನಾಯ್ತು, ಡೈರಿಯಿಂದ ಓದು," ಎಂದರು.

ಓದಿದೆ. ಏನೂ ಆಗಲಿಲ್ಲ ಎಂಬುದನ್ನೂ ಓದಿದೆ.

"ಒಂದು ಗಂಟೆ ಹತ್ತು ನಿಮಿಷ ಏನೂ ಆಗ್ದೇ ಇರತ್ತಾ? ಡೈರಿ ಮುಚ್ಚಿಟ್ಟು ಹೇಳು."

ಮುಚ್ಚಿದೆ. ಆಗ ಬಂತು ಒಂದೊಂದೇ. ಜೇನಿನ ಬಣ್ಣದ ಕಲ್ಲಿನ ಗೋಡೆಗಳು. ನೀರೊಳಗಿನ ಮೂರನೇ ಮೆಟ್ಟಿಲವರೆಗೂ ಕಾಣುತ್ತಿದ್ದ ತಿಳಿ. ಅಜ್ಜಿ ಕಾಲು ಇಳಿಬಿಟ್ಟದ್ದು, ನಾನೂ ಇಳಿಬಿಟ್ಟದ್ದು. ಮೂತಿಗೆ ಎರಡು ಕಣ್ಣಿನ ಚಿತ್ರ ಬಳಿದ ಒಂದು ನೀಲಿ ದೋಣಿ ಹೋದದ್ದು, ಅದರ ಅಲೆ ಬಂದು ನಮ್ಮ ನಾಲ್ಕು ಕಾಲನ್ನೂ ತಟ್ಟಿದ್ದು. ಅಜ್ಜಿ ನನ್ನ ಹೆಗಲಿಗೆ ಒರಗಿ, "ಇನ್ನೊಂಚೂರು ಕೂತ್ಕೊಳ್ಳೋಣ ಕಣೇ," ಎಂದು ಮೂರು ಸಲ ಹೇಳಿದ್ದು.

"ನಾಲ್ಕು ಸಲ," ಎಂದಳು ಅಜ್ಜಿ.

ಟೀಚರ್ ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಚೊಂಬು ತಂದರು. ನಾನು ಬೇಡ ಎನ್ನುವಷ್ಟರಲ್ಲಿ ಎರಡೂ ಬಾಟಲಿಗಳನ್ನು ಅದರೊಳಗೆ ಬಗ್ಗಿಸಿ, ಚೆನ್ನಾಗಿ ಕಲಕಿ, ಒಂದು ತೊಟ್ಟೂ ಚೆಲ್ಲದಂತೆ ಮತ್ತೆ ಎರಡಕ್ಕೂ ತುಂಬಿದರು. ಒಂದನ್ನು ಹುಬ್ಬಳ್ಳಿ ಆಂಟಿಗೆ ಕೊಟ್ಟರು.

"ಈಗ ಇದರಲ್ಲಿ ಅರ್ಧ ಮಾಲ್ಟಾ. ಅದು ಗ್ಯಾರಂಟಿ. ಅರ್ಧ ಸಾಕು ನನಗೆ, ಆ ದ್ವೀಪ ಇರೋದೇ ಇಷ್ಟೇ ಇಷ್ಟು."

"ಹಂಗಾರ ನಂಗೂ ಎರಡು ಊರು ಬಂತು!" ಎಂದರು ಹುಬ್ಬಳ್ಳಿ ಆಂಟಿ. ಉಳಿದ ನಾಲ್ವರೂ ತಮ್ಮ ಒಂದೊಂದೇ ಊರಿನ ಬಾಟಲಿಯನ್ನು ನೋಡಿಕೊಂಡರು.

ವಲೆಟ್ಟಾ ಪುಟದ ಖಾಲಿ ಜಾಗದಲ್ಲಿ ಹತ್ತು ಎಂದು ಬರೆದೆ. ಆಮೇಲೆ ಹೊಸ ಚೀಟಿ ಕತ್ತರಿಸಿ, ಏನು ಬರೆಯಲಿ ಎಂದು ಟೀಚರನ್ನು ಕೇಳಿದೆ. ಅವರು ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡು, ಚೀಟಿಯ ನಡುವೆ ಒಂದು ಚುಕ್ಕಿ ಇಟ್ಟು, ಬಾಟಲಿಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದರು. ಹೊರಡುವಾಗ ಅದನ್ನು ಅಜ್ಜಿಯ ಕಣ್ಣ ಮುಂದೆ ಹಿಡಿದು ಹೇಳಿದರು:

"ಇದನ್ನ ಮಾತ್ರ ತೊಳೀಬೇಡಿ, ತಾಯಿ."